ನರಗುಂದದಿಂದ ಮಂಗಳೂರಿಗೆ, ಜೋಡಿಯಾಗಿ
ನರಗುಂದದಿಂದ ಮಂಗಳೂರಿಗೆ ಹೊರಟ ಸಲಿಂಗಿ ಜೋಡಿಗಳಿಗೆ, ಟ್ರಾನ್ಸ್‌ಜೆಂಡರ್ ಸ್ನೇಹಿತರಿಗೆ ನಾಲ್ಕು ಮಾತು. 2018ರ ಸೆಪ್ಟೆಂಬರ್ 6ರಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ. ಇದು ಸುಪ್ರೀಂ ಕೋರ್ಟ್ ಮಾತು, ನನ್ನದಲ್ಲ. ಟ್ರಾನ್ಸ್‌ಜೆಂಡರ್ ಆಗಿದ್ರೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ, ಗುರುತಿನ ಚೀಟಿ ಇರಲಿ. ಆದ್ರೆ ಮಂಗಳೂರಿನೊಳಗೆ ಓಡೋದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸು; ಅಲ್ಲಿ ಟಿಕೆಟ್ ತಗೊಳ್ಳಲೇಬೇಕು.

ಇಬ್ಬರು ಗಂಡಸರು ಲಾಡ್ಜಿನಲ್ಲಿ ಒಂದೇ ರೂಮ್ ಕೇಳಿದ್ರೆ ಯಾರೂ ತಲೆ ಎತ್ತಿ ನೋಡಲ್ಲ. ಟ್ರಾನ್ಸ್ ಮಹಿಳೆ ಕೇಳಿದ್ರೆ ಮಾತ್ರ ‘ರೂಮ್ ಖಾಲಿ ಇಲ್ಲ’! 2019ರ ಕಾಯ್ದೆ ಈ ತಾರತಮ್ಯವನ್ನ ನಿಷೇಧಿಸಿದೆ. ಆದ್ರೂ ಮೊದಲೇ ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳಿ.

ಪಣಂಬೂರು, ತಣ್ಣೀರುಬಾವಿ ಕಡಲತೀರ ನೋಡಿ, ಕತ್ತಲಾಗೋ ಮುಂಚೆ ವಾಪಸ್ ಬನ್ನಿ. 2012ರಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಡುಗ ಹುಡುಗಿಯರನ್ನ ಹೊಡೆದಿದ್ದು ನೆನಪಿದೆಯಲ್ಲ? ಬಂಡಾಯದ ನೆಲದವರನ್ನ ಹೆದರಿಸೋಕೆ ನಾನ್ಯಾರು! ತೊಂದರೆಯಾದ್ರೆ 112ಕ್ಕೆ ಫೋನ್ ಮಾಡಿ.