ಒಂದೇ ಆಕರದ ಎರಡು ಸಾಕ್ಷ್ಯಗಳು: ಇರಾಕ್ ಯುದ್ಧಪೂರ್ವದ ಅಮೆರಿಕನ್ ಮಾಧ್ಯಮ ಸಂಕಥನ

ಒಂದೇ ಮೂಲಪ್ರತಿಯಿಂದ ನಕಲಾದ ಎರಡು ಓಲೆಪ್ರತಿಗಳನ್ನು ಎರಡು ಸ್ವತಂತ್ರ ಸಾಕ್ಷ್ಯಗಳೆಂದು ಪರಿಗಣಿಸಲಾಗದು ಎಂಬುದು ಗ್ರಂಥಸಂಪಾದನೆಯ ಪ್ರಾಥಮಿಕ ಪಾಠ. ಇರಾಕ್ ಯುದ್ಧಕ್ಕೆ ಮುನ್ನ ಅಮೆರಿಕೆಯ ಸಾರ್ವಜನಿಕ ಚರ್ಚೆಯಲ್ಲಿ ಈ ವಿವೇಕ ಹೇಗೆ ಸೋತಿತೆಂಬುದಕ್ಕೆ 2002ರ ಸೆಪ್ಟೆಂಬರ್ 8ರ ಭಾನುವಾರ ಒಂದು ನಿದರ್ಶನವಾಗಿದೆ.

ಅಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ ಮೈಕೆಲ್ ಗಾರ್ಡನ್ ಮತ್ತು ಜುಡಿತ್ ಮಿಲ್ಲರ್ ಅವರ ವರದಿಯೊಂದು ಪ್ರಕಟವಾಯಿತು. ಇರಾಕ್ ಕೊಳ್ಳಲು ಯತ್ನಿಸಿದ್ದ ಅಲ್ಯೂಮಿನಿಯಂ ಕೊಳವೆಗಳು ಯುರೇನಿಯಂ ಸಂವರ್ಧನೆಗೆ ಉದ್ದೇಶಿತವಾದವು ಎಂಬುದು ಅದರ ತಿರುಳು. ಹಾಗೆಂದವರು ಹೆಸರು ಹೇಳಲೊಲ್ಲದ ಸರ್ಕಾರಿ ಅಧಿಕಾರಿಗಳು. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೆನಿ ಎನ್‌ಬಿಸಿಯ ‘ಮೀಟ್ ದ ಪ್ರೆಸ್’ ಕಾರ್ಯಕ್ರಮದಲ್ಲಿ ಕೊಳವೆಗಳ ವಿಷಯವನ್ನೆತ್ತಿ, ಆ ಪತ್ರಿಕೆಯನ್ನೇ ಉಲ್ಲೇಖಿಸಿದರು. ಆಡಳಿತದ ಮಾತು ಪತ್ರಿಕೆಯ ಮೂಲಕ ಹಾದು, ಆಡಳಿತಕ್ಕೇ ಆಧಾರವಾಗಿ ಮರಳಿತು. ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಸಾ ರೈಸ್ ಸಿಎನ್‌ಎನ್‌ನಲ್ಲಿ, ನಿರ್ಣಾಯಕ ಪುರಾವೆಗಾಗಿ ಕಾಯುತ್ತ ಕುಳಿತರೆ ಅದು ಅಣಬೆಮೋಡವಾಗಿಯೇ ಬಂದೀತೆಂಬರ್ಥದ ಮಾತನ್ನಾಡಿದರು. ಬೆಳಗಿನ ವರದಿಯಲ್ಲಿಯೂ ಇದ್ದ ರೂಪಕವಿದು. ಇದನ್ನು ಬರಿಯ ಅಲಂಕಾರವೆಂದು ಬಿಡಲಾಗದು: ಪುರಾವೆ ಕೇಳುವವನನ್ನೇ ಅದು ಬೇಜವಾಬ್ದಾರನನ್ನಾಗಿ ಮಾಡಿಬಿಡುತ್ತದೆ.

ಇಂಧನ ಇಲಾಖೆಯ ತಜ್ಞರಾದರೋ ಈ ಕೊಳವೆಗಳು ರಾಕೆಟ್‌ಗಳಿಗೆ ಹೊಂದುವಂಥವೆಂದು ಮೊದಲೇ ಅಭಿಪ್ರಾಯಪಟ್ಟಿದ್ದರು. ಉನ್ನತ ಅಧಿಕಾರಿಗಳನ್ನು ಬಿಟ್ಟು ಕೆಳಹಂತದ ತಜ್ಞರನ್ನು ಮಾತನಾಡಿಸಿ, ಸರ್ಕಾರದೊಳಗಿನ ಭಿನ್ನಮತವನ್ನು ಬರೆದವರು ನೈಟ್ ರಿಡ್ಡರ್ ಸಂಸ್ಥೆಯ ಜೊನಾಥನ್ ಲ್ಯಾಂಡೆ ಮತ್ತು ವಾರೆನ್ ಸ್ಟ್ರೋಬೆಲ್. ಆ ಸಂಸ್ಥೆಗೆ ವಾಷಿಂಗ್ಟನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಸ್ವಂತ ದಿನಪತ್ರಿಕೆ ಇರಲಿಲ್ಲ! ಅಕ್ಟೋಬರಿನಲ್ಲಿ ಸೆನೆಟ್ 77–23 ಮತಗಳಿಂದ ಯುದ್ಧಾಧಿಕಾರ ನೀಡಿತು.

ಈ ವೈಫಲ್ಯವನ್ನು ಬಲಪಂಥೀಯ ವಾಹಿನಿಗಳ ತಲೆಗೆ ಕಟ್ಟುವುದು ಸುಲಭ. ಆದರೆ ವರದಿ ಬಂದದ್ದು ಉದಾರವಾದಿಗಳು ತಮ್ಮದೆಂದು ನಂಬಿದ ಪತ್ರಿಕೆಯಲ್ಲಿ. ‘ನ್ಯೂ ರಿಪಬ್ಲಿಕ್’ನಂಥ ನಿಯತಕಾಲಿಕವೂ ಯುದ್ಧವನ್ನು ಬೆಂಬಲಿಸಿತು. ಯುದ್ಧವಿರೋಧಿಗಳಿಗೆ ವೇದಿಕೆಯಾಗಿದ್ದ ಫಿಲ್ ಡಾನಹ್ಯು ಅವರ ಕಾರ್ಯಕ್ರಮವನ್ನು ಎಂಎಸ್‌ಎನ್‌ಬಿಸಿ 2003ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಉದಾರವಾದಿ ವ್ಯಾಖ್ಯಾನಕಾರರ ನಂತರದ ಪಶ್ಚಾತ್ತಾಪ ಬರಹಗಳನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಕೊಳವೆಗಳು ಅಣ್ವಸ್ತ್ರಕ್ಕೆ ಸಂಬಂಧಿಸಿದವೆಂಬುದಕ್ಕೆ ಆಧಾರವಿಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೊಹಮದ್ ಎಲ್‌ಬರಾದಿ 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಗೆ ತಿಳಿಸಿದರು. ಎರಡು ವಾರದೊಳಗೆ ಯುದ್ಧ ಆರಂಭವಾಯಿತು. 2004ರ ಮೇ 26ರಂದು ‘ಟೈಮ್ಸ್’ ತನ್ನ ವರದಿಗಾರಿಕೆಯ ಲೋಪಗಳನ್ನು ಒಪ್ಪಿ ಸಂಪಾದಕೀಯ ಟಿಪ್ಪಣಿಯೊಂದನ್ನು ಹತ್ತನೆಯ ಪುಟದಲ್ಲಿ ಪ್ರಕಟಿಸಿತು. ಅದರಲ್ಲಿ ಯಾವ ವರದಿಗಾರರ ಹೆಸರೂ ಇರಲಿಲ್ಲ.