ಗಿಟ್ ಕಣಜ ಕೆಟ್ಟಾಗ ನಾವು ಮಾಡಿದ್ದು



ನಮ್ಮ ವಾರಾಂತ್ಯದ ಕನ್ನಡ ತರಗತಿಯ ಪಾಠಗಳೆಲ್ಲ ಒಂದು ಗಿಟ್ ರೆಪಾಸಿಟರಿಯಲ್ಲಿವೆ. ರೆಪಾಸಿಟರಿಯನ್ನು ಕಣಜ ಎಂದೇ ಕರೆಯೋಣ. ಲಾಸ್ ಏಂಜಲಿಸ್‌ನಿಂದ ನಾಲ್ವರು, ಸ್ಯಾನ್ ಡಿಯಾಗೋದಿಂದ ಮೂವರು ಸೇರಿ ಪಾಠ ತಿದ್ದುತ್ತೇವೆ. ಯಾರು, ಯಾವಾಗ, ಯಾವ ಒತ್ತಕ್ಷರ ಸರಿಪಡಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಹೋದ ತಿಂಗಳು ಲಾಸ್ ಏಂಜಲಿಸ್‌ನ ಮನೆಯಲ್ಲಿ ಕರೆಂಟು ಹೋಗಿ, ಮುಖ್ಯ ಕಣಜವಿದ್ದ ಗಣಕಯಂತ್ರ ಕೆಲಸದ ನಡುವೆಯೇ ನಿಂತಿತು. ಮತ್ತೆ ಶುರು ಮಾಡಿದರೆ, ಆಬ್ಜೆಕ್ಟ್ ಫೈಲ್ ಖಾಲಿಯಿದೆ ಎಂಬ ಸಂದೇಶ! ತರಗತಿಗೆ ಎರಡೇ ದಿನ ಬಾಕಿ.

ಗಿಟ್ ಪ್ರತಿ ಕಡತವನ್ನೂ ಅದರ ವಿಷಯದಿಂದಲೇ ಲೆಕ್ಕಹಾಕಿದ ಹೆಸರಿನಲ್ಲಿ ಇಡುತ್ತದೆ. ಸಾಮಾನ್ಯವಾಗಿ ಈ ಹೆಸರು 40 ಅಕ್ಷರ ಉದ್ದ. ಒಳಗೆ ಒಂದು ಬಿಟ್ ಬದಲಾದರೂ ಹೆಸರು ತಾಳೆಯಾಗದು. ಹಾಗಾಗಿ ಕೆಟ್ಟದ್ದು ಗೊತ್ತಾಗುತ್ತದೆ, ಆದರೆ ತಾನಾಗಿ ಸರಿಹೋಗುವುದಿಲ್ಲ.

ಮೊದಲ ಕೆಲಸ, ಏನನ್ನೂ ರಿಪೇರಿ ಮಾಡದೇ ಇರುವುದು. ಅಡಗಿರುವ ಗಿಟ್ ಫೋಲ್ಡರನ್ನೂ ಸೇರಿಸಿ ಇಡೀ ಕಣಜವನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡೆವು. ನಂತರ ಆ ನಕಲಿನ ಮೇಲೆ 'ಗಿಟ್ ಎಫ್‌ಎಸ್‌ಸಿಕೆ' ಆಜ್ಞೆ ಓಡಿಸಿದೆವು. 'ಡ್ಯಾಂಗ್ಲಿಂಗ್' ಎಂದು ಬಂದರೆ ಗಾಬರಿ ಬೇಡ, ಅದು ಯಾರೂ ಬಳಸದೆ ಬಿದ್ದಿರುವ ವಸ್ತು ಅಷ್ಟೆ. 'ಮಿಸ್ಸಿಂಗ್', 'ಕರಪ್ಟ್' ಎಂದರೆ ಮಾತ್ರ ನಿಜವಾದ ತೊಂದರೆ. ನಮಗೆ ಬಂದದ್ದು ಇವೆರಡೂ!

ಸ್ಯಾನ್ ಡಿಯಾಗೋದ ಮಿತ್ರರೊಬ್ಬರು ಎರಡು ದಿನ ಮೊದಲಷ್ಟೇ 'ಪುಲ್' ಮಾಡಿದ್ದರು. ಗಿಟ್‌ನಲ್ಲಿ ಪ್ರತಿಯೊಂದು ಕ್ಲೋನ್‌ನಲ್ಲೂ ಸಾಮಾನ್ಯವಾಗಿ ಪೂರ್ತಿ ಇತಿಹಾಸ ಇರುತ್ತದೆ. ಅವರ ಪ್ರತಿಯನ್ನು ಮೊದಲು ಪರೀಕ್ಷಿಸಿ, ಅದರಿಂದ ಹೊಸ ಕಣಜ ತೆಗೆದೆವು. ಕೆಟ್ಟ ಕಣಜದ ಪಾಠದ ಕಡತಗಳನ್ನು ತೆರೆದು ನೋಡಿದರೆ, ಪುಣ್ಯಕ್ಕೆ ಅವು ಚೆನ್ನಾಗಿದ್ದವು. ಗಿಟ್ ಫೋಲ್ಡರನ್ನು ಬಿಟ್ಟು ಅವನ್ನಷ್ಟೇ ಹೊಸದರ ಮೇಲೆ ಹಾಕಿ 'ಕಮಿಟ್' ಮಾಡಿದೆವು. ಎರಡು ದಿನ ಯಾರು ಏನು ತಿದ್ದಿದರು ಎಂಬ ದಾಖಲೆ ಹೋಯಿತು, ಪಾಠ ಉಳಿಯಿತು.

ಆನ್‌ಲೈನ್ ನಕಲು ಇದ್ದರೆ ಸಾಲದೇ ಎಂದು ಕೆಲವರು ಕೇಳಿದರು. ಸಾಲದು. 2013ರ ಮಾರ್ಚ್‌ನಲ್ಲಿ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯ ಮುಖ್ಯ ಸರ್ವರಿನ ಫೈಲ್ ಸಿಸ್ಟಂ ಕೆಟ್ಟಿತು. ಅದರಲ್ಲಿದ್ದದ್ದು ಸುಮಾರು 1,500 ಗಿಟ್ ಕಣಜಗಳು. ಹಲವು ಮಿರರ್ ಸರ್ವರುಗಳೇನೋ ಇದ್ದವು, ಆದರೆ ಅವು ಮುಖ್ಯ ಸರ್ವರನ್ನು ಚಾಚೂ ತಪ್ಪದೆ ಅನುಸರಿಸಿ ತಮ್ಮಲ್ಲಿದ್ದ ಒಳ್ಳೆಯ ಪ್ರತಿಗಳನ್ನೂ ಕಳೆದುಕೊಂಡವು. ಅದೃಷ್ಟವಶಾತ್ ಬೇರೊಂದು ಸರ್ವರಿನಲ್ಲಿ ಸರಿಯಾದ ಪ್ರತಿ ಉಳಿದಿತ್ತು. ಕನ್ನಡಿ ಮುಂದಿರುವುದನ್ನಷ್ಟೇ ತೋರಿಸುತ್ತದೆ, ನಿನ್ನೆ ಇದ್ದದ್ದನ್ನಲ್ಲ.

ಈಗ ನಾವು ತಿಂಗಳಿಗೊಮ್ಮೆ 'ಗಿಟ್ ಬಂಡಲ್' ಮಾಡಿ ಇಡೀ ಕಣಜವನ್ನು ಒಂದೇ ಕಡತವಾಗಿ ಕಟ್ಟುತ್ತೇವೆ. ಅದರಿಂದ ಒಮ್ಮೆ ಕ್ಲೋನ್ ತೆಗೆದು ನೋಡಿ, ಮೇಲೆ ದಿನಾಂಕ ಬರೆದು ಇಡುತ್ತೇವೆ. ಹಳೆಯದನ್ನು ಅಳಿಸುವುದಿಲ್ಲ. ಒಂದು ಡಿಸ್ಕ್ ಲಾಸ್ ಏಂಜಲಿಸ್‌ನಲ್ಲಿ, ಇನ್ನೊಂದು ಸ್ಯಾನ್ ಡಿಯಾಗೋದಲ್ಲಿ. ಮುಂದಿನ ತಿಂಗಳ ಪಾಳಿ ಸ್ಯಾನ್ ಡಿಯಾಗೋದವರದು.