ಊಟದ ತಟ್ಟೆಗೊಂದು ಚಪ್ಪರ

'ಡಾಕ್ಟ್ರೇ, ಇವನು ತರಕಾರಿ ಮುಟ್ಟೋದೇ ಇಲ್ಲ. ಒಂದು ಒಳ್ಳೇ ಟಾನಿಕ್ ಬರೆದುಕೊಡಿ.'

ವಾರಕ್ಕೆ ನಾಲ್ಕು ಬಾರಿಯಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಕಳೆದ ವರ್ಷ ಹೀಗೆ ಬಂದ ಎಂಟು ವರ್ಷದ ಹುಡುಗನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಭಾಗ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಗ್ರಾಂ. ಆ ವಯಸ್ಸಿಗೆ ಕನಿಷ್ಠ 11.5 ಗ್ರಾಂ ಇರಬೇಕು. ಕಬ್ಬಿಣಾಂಶದ ಔಷಧಿ, ಜಂತುಹುಳುವಿನ ಮಾತ್ರೆ ಬರೆದುಕೊಟ್ಟೆ. ಜೊತೆಗೆ ಅವನ ತಂದೆಗೆ ಹೇಳಿದೆ: 'ಮಗನನ್ನು ಸೇರಿಸಿಕೊಂಡು ಮನೆ ಹಿಂದೆ ಒಂದು ಹಿರೇಕಾಯಿ ಚಪ್ಪರ ಹಾಕಿ.'

ಔಷಧಿ ರಕ್ತವನ್ನು ಸರಿಪಡಿಸೀತು, ತಿನ್ನುವ ಅಭ್ಯಾಸವನ್ನಲ್ಲ. ತಾನೇ ನೀರೆರೆದು ಬೆಳೆಸಿದ ಕಾಯಿಯನ್ನು ಮಗು ಅಷ್ಟು ಸುಲಭವಾಗಿ ತಟ್ಟೆಯಿಂದ ಆಚೆ ತಳ್ಳುವುದಿಲ್ಲ. ಮೇಲಾಗಿ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊಬೈಲ್ ಹಿಡಿದು ಕೂತ ಮಗುವಿಗೆ ಮಣ್ಣು ಅಗೆಯುವುದು, ನೀರು ಹೊರುವುದು ಅದಕ್ಕೊಂದು ಆರಂಭ.

ಚಪ್ಪರ ಹಾಕುವುದು ಕಷ್ಟವೇನಲ್ಲ. ಏಳು ಅಡಿಯ ಎರಡು ಬಿದಿರಿನ ಗಳಗಳನ್ನು ಐದಡಿ ಅಂತರದಲ್ಲಿ, ಒಂದೂವರೆ ಅಡಿ ಆಳಕ್ಕೆ ನೆಟ್ಟು, ಬುಡಕ್ಕೆ ಕಲ್ಲು, ಮಣ್ಣು ಹಾಕಿ ತುಳಿಯಿರಿ. ತುಳಿಯುವ ಕೆಲಸ ಮಕ್ಕಳಿಗೇ ಇರಲಿ. ಮೇಲ್ತುದಿಗೊಂದು, ನೆಲದಿಂದ ಗೇಣು ಎತ್ತರಕ್ಕೊಂದು ಅಡ್ಡಗಳ ಕಟ್ಟಿ. ಎರಡರ ನಡುವೆ ತೆಂಗಿನ ನಾರಿನ ಹಗ್ಗವನ್ನು ಮಗುವಿನ ಗೇಣಿಗೊಂದರಂತೆ ಬಿಗಿಯಿರಿ. ಅಳೆಯುವವರೂ ಅವರೇ ಆಗಲಿ. ಹಾರೆ, ಕತ್ತಿಯ ಕೆಲಸ ದೊಡ್ಡವರದು. ಮೊಳೆ ಬೇಡ, ಹಗ್ಗದ ಗಂಟು ಸಾಕು. ಅಂಗಳವಿಲ್ಲದವರು ಬಿಸಿಲು ಬೀಳುವ ಬಾಲ್ಕನಿಯಲ್ಲಿ ದೊಡ್ಡ ಕುಂಡವಿಟ್ಟು ಕಿಟಕಿ ಸರಳಿಗೆ ಹಗ್ಗ ಕಟ್ಟಬಹುದು. ಆದರೆ ಮಗು ಹತ್ತಿ ನಿಲ್ಲುವಂತೆ ಕಟಕಟೆಯ ಪಕ್ಕ ಕುಂಡ ಇಡಬೇಡಿ.

ಹಿರೇ ಬೀಜವನ್ನು ರಾತ್ರಿ ನೆನೆಹಾಕಿ, ಒಂದು ಅಂಗುಲ ಆಳಕ್ಕೆ ಊರಿ. ವಾರ, ಹತ್ತು ದಿನದಲ್ಲಿ ಮೊಳಕೆ; ಸುಮಾರು ಎರಡು ತಿಂಗಳಿಗೆ ಕಾಯಿ. ಅಷ್ಟು ಕಾಯಲಾರದ ಮಕ್ಕಳಿಗೆ ಬಸಳೆ ಒಳ್ಳೆಯದು. ಕರಾವಳಿಯ ಮನೆಗಳಲ್ಲಿ ಬಸಳೆ ಚಪ್ಪರ ಹೊಸತೇನಲ್ಲ. ಕಾಂಡದ ತುಂಡು ನೆಟ್ಟರೂ ಚಿಗುರುತ್ತದೆ. ಎ ಮತ್ತು ಸಿ ಜೀವಸತ್ವಗಳನ್ನೂ ಕೊಡುತ್ತದೆ. ಹಿರೇ ಹೂವು ಅರಳುವುದು ಸಂಜೆ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು ಹೂವು. ಮಕ್ಕಳು ಹುಡುಕಿ ಎಣಿಸಲಿ. ಗಂಡು ಹೂವು ಉದುರಿದರೆ ಗಾಬರಿ ಬೇಡ.

ಕೆಲವು ಎಚ್ಚರಿಕೆಗಳು. ಬರಿಗಾಲಲ್ಲಿ ಮಣ್ಣಿಗಿಳಿದರೆ ಕೊಕ್ಕೆಹುಳುವಿನ ಮರಿ ಚರ್ಮದ ಮೂಲಕವೇ ಒಳಹೊಕ್ಕು, ಮುಂದೆ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಆದ್ದರಿಂದ ಚಪ್ಪಲಿ ಇರಲಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಲಿ. ಧನುರ್ವಾಯು ತಡೆಯುವ ಲಸಿಕೆ 5-6, 10 ಮತ್ತು 16ನೇ ವಯಸ್ಸಿನಲ್ಲಿ ಬೀಳಬೇಕು. ಲಸಿಕೆ ಕಾರ್ಡು ತೆಗೆದು ನೋಡಿ. ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ. ಇಲ್ಲವಾದರೆ ಡೆಂಗಿ ಸೊಳ್ಳೆಯನ್ನು ನೀವೇ ಸಾಕಿದಂತೆ. ಮಕ್ಕಳು ಮುಟ್ಟುವ ಬಳ್ಳಿಗೆ ಕೀಟನಾಶಕ ಸಿಂಪಡಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸೋರೆಕಾಯಿ, ಹಿರೇಕಾಯಿ ಹೆಚ್ಚುವಾಗ ದೊಡ್ಡವರು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗಿದು, ಕಾಯಿಯನ್ನು ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ. ಅದರಲ್ಲೂ ಕಹಿ ಸೋರೆಯ ರಸ ಕುಡಿದು ರಕ್ತವಾಂತಿ ಮಾಡಿಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಹಾಗಲಕಾಯಿಯ ಸಹಜ ಕಹಿಯ ಮಾತು ಬೇರೆ.

ಆ ಹುಡುಗ ಮೂರು ತಿಂಗಳ ನಂತರ ಬಂದಾಗ ಹಿಮೋಗ್ಲೋಬಿನ್ 11.8ಕ್ಕೆ ಏರಿತ್ತು. ಅದರ ಶ್ರೇಯ ಔಷಧಿಗೇ ಸಲ್ಲಬೇಕು. ಹಿರೇಕಾಯಿಯಲ್ಲಿ ಕಬ್ಬಿಣಾಂಶ ಅಷ್ಟೇನಿಲ್ಲ. ಅವನ ತಾಯಿ ಮಾತ್ರ, 'ಬೇರೆ ತರಕಾರಿಗೆ ಇನ್ನೂ ಸತಾಯಿಸ್ತಾನೆ ಡಾಕ್ಟ್ರೇ. ಆದ್ರೆ ಅವನ ಹಿರೇಕಾಯಿ ಪಲ್ಯ, ಸಿಪ್ಪೆ ಚಟ್ನಿ ಎರಡೂ ತಿಂದ. ಈಗ ಬಸಳೆ ನೆಡ್ತಾನಂತೆ' ಎಂದರು. ಸೊಪ್ಪಿನ ಜೊತೆ ಬೇಳೆ, ಕಾಳು ಹಾಕಿ, ಬಡಿಸುವಾಗ ನಿಂಬೆರಸ ಹಿಂಡಿ ಎಂದೆ. ಕಬ್ಬಿಣಾಂಶ ಮೈಗೆ ಹತ್ತಲು ಅದು ಸಹಾಯಕ.

ನಿಮ್ಮ ಮಗು ಸುಸ್ತಾಗಿ, ಬಿಳಿಚಿಕೊಂಡಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಚಪ್ಪರ ಚಿಕಿತ್ಸೆಗೆ ಬದಲಿಯಲ್ಲ. ಆದರೆ ಈ ಭಾನುವಾರ ಬಿದಿರಿನ ಗಳ, ಒಂದು ಸುತ್ತು ಹಗ್ಗ ತರಲು ಯಾವ ಚೀಟಿಯೂ ಬೇಕಿಲ್ಲ.